ಗುಂಡಿ, ಲಾಡಿ, ಜಿಪ್ಪುಗಳಿಗೂ ಕಾನೂನು ಉಂಟು



ನಮ್ಮ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ನಾಯಂಡಹಳ್ಳಿ, ಮೈಸೂರು ರಸ್ತೆಯ ಕಡೆಯ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳು ಬಹಳ ಮಂದಿ. ಕೆಲವರು ಮನೆಯಲ್ಲಿಯೇ ಪೀಸ್ ಲೆಕ್ಕದಲ್ಲಿ ಗುಂಡಿ ಹಾಕುವುದು, ಲಾಡಿ ಪೋಣಿಸುವುದೂ ಉಂಟು. ಹೋದ ತಿಂಗಳು ಒಬ್ಬ ತಾಯಿ ಕೇಳಿದರು: "ಹೊಲಿಗೆ ಸರಿಯಾಗೇ ಇದೆ. ಆದರೂ ಮಕ್ಕಳ ಅಂಗಿಗಳನ್ನೆಲ್ಲ ಲಾಡಿ ಇದೆ ಅಂತ ವಾಪಸು ಕಳಿಸಿದರು. ಇದ್ಯಾಕೆ ಸ್ವಾಮಿ?" ನನಗೆ ಆಗ ಉತ್ತರ ತಿಳಿದಿರಲಿಲ್ಲ. ವಿಚಾರಿಸಿ ಅರಿತುದನ್ನು ಇಲ್ಲಿ ಬರೆದಿದ್ದೇನೆ.

2010ರಲ್ಲಿ ನಮ್ಮ ದೇಶದ ದ್ರಾಕ್ಷಿಯನ್ನು ಯುರೋಪಿನವರು ತಡೆದದ್ದು ನಿಮಗೆ ನೆನಪಿರಬಹುದು. ಹಣ್ಣು ನೋಡಲು ಚೆನ್ನಾಗಿಯೇ ಇತ್ತು. ಒಳಗೆ ಕ್ಲೋರ್ಮೆಕ್ವಾಟ್ ಎಂಬ ಔಷಧದ ಅಂಶ ಉಳಿದಿತ್ತು. ಉಡುಪಿನಲ್ಲಿಯೂ ಹೀಗೆಯೇ, ಕೊಳ್ಳುವ ದೇಶದವರು ಹೊಲಿಗೆಯೊಂದನ್ನೇ ನೋಡುವುದಿಲ್ಲ.

ಮೊದಲು ಲಾಡಿಯ ವಿಷಯ. ಅಂಗಿಗೆ ಸೇರಿದ ಟೋಪಿಯ ಲಾಡಿ ಜಾರುಬಂಡೆಯ ಸಂದಿಗೆ ಸಿಕ್ಕಿ, ಕುತ್ತಿಗೆ ಬಿಗಿದು ಮಕ್ಕಳು ಸತ್ತುದುಂಟು. ಆದುದರಿಂದ ಅಮೆರಿಕದಲ್ಲಿ 1996ರಲ್ಲಿ ಇದರ ಬಗ್ಗೆ ಸೂಚನೆ ಹೊರಡಿಸಿದರು. ಯುರೋಪಿನ ಮಾನಕದಂತೆ 7 ವರ್ಷದೊಳಗಿನವರ ಉಡುಪಿನ ಟೋಪಿಯಲ್ಲಾಗಲಿ ಕುತ್ತಿಗೆಯಲ್ಲಾಗಲಿ ಲಾಡಿ ಇರಕೂಡದು. ಗಂಟು ಎಷ್ಟೇ ಭದ್ರವಾಗಿರಲಿ, ಅಂಥ ಮಾಲು ಹೋಗುವುದಿಲ್ಲ.

ಇನ್ನು ಬಣ್ಣ. ಅಜೋ ಎಂಬ ಜಾತಿಯ ಬಣ್ಣಗಳಲ್ಲಿ ಕೆಲವು ಮೈಗೆ ತಾಗುತ್ತ ಒಡೆದು, ಕ್ಯಾನ್ಸರ್ ತರಬಲ್ಲ ಅಮೀನುಗಳಾಗುತ್ತವೆ. ಜರ್ಮನಿ 1994ರಲ್ಲಿ ಅವನ್ನು ನಿಷೇಧಿಸಿತು. ಈಗ ಯುರೋಪಿನಲ್ಲಿ ಒಂದು ಕಿಲೋ ಬಟ್ಟೆಯಲ್ಲಿ ಅಂಥ ಒಂದೊಂದು ಅಮೀನೂ 30 ಮಿಲಿಗ್ರಾಂ ಮೀರಕೂಡದು. ಶಾಲು, ದುಪಟ್ಟ, ಟೋಪಿಗಳಿಗೂ ಇದೇ ಕಟ್ಟು. ನಮ್ಮ ಸರಕಾರವೂ 1997ರ ಹೊತ್ತಿಗೆ 112 ಬಣ್ಣಗಳನ್ನು ನಿಷೇಧಿಸಿತು. ಹೊರದೇಶದಿಂದ ನಮ್ಮಲ್ಲಿಗೆ ಬರುವ ಬಟ್ಟೆಯೊಡನೆಯೂ ಈ ಬಣ್ಣವಿಲ್ಲವೆಂಬ ಪ್ರಯೋಗಾಲಯದ ಪತ್ರ ಇರಬೇಕು. ಇಲ್ಲದಿದ್ದರೆ ಸುಂಕದವರು ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕಟ್ಟಳೆ ನಮಗೆ ಮಾತ್ರವಲ್ಲ ಎಂಬುದನ್ನು ತಿಳಿಯತಕ್ಕದ್ದು.

ಲೋಹದ ಗುಂಡಿ, ಜಿಪ್ಪುಗಳಿಂದ ನಿಕ್ಕಲ್ ಬಿಟ್ಟರೆ ಚರ್ಮದಲ್ಲಿ ತುರಿಕೆ ಏಳುತ್ತದೆ. ಅದಕ್ಕೂ ಮಿತಿ ಉಂಟು. ಎಳೆಯ ಮಕ್ಕಳು ಗುಂಡಿಯನ್ನು ಬಾಯಿಗಿಡುವುದರಿಂದ, ಅಮೆರಿಕದಲ್ಲಿ ಅದರ ಮೇಲಿನ ಬಣ್ಣದ ಲೇಪದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಕೂಡದು.

ರೈತರಾದ ನಾವು ಇನ್ನೊಂದನ್ನೂ ಗಮನಿಸಬೇಕು. ಈ ನಿಯಮಗಳು ಪರೀಕ್ಷಿಸುವುದು ಮಾಲನ್ನು. ಬಣ್ಣ ತೊಳೆದ ನೀರು ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ನಾಯಂಡಹಳ್ಳಿಯ ಬಳಿ ಹರಿಯುವ ವೃಷಭಾವತಿ ಕೆಂಗೇರಿ ದಾಟಿ ಬೈರಮಂಗಲದ ಕೆರೆಯ ಕಡೆಗೆ ಹೋಗುತ್ತದೆ. ಆ ನೀರನ್ನು ಬೆಳೆಗೆ ಹಾಯಿಸುವವರು ನಮ್ಮವರೇ. ಬಣ್ಣದ ಕೆಲಸವನ್ನು ಮನೆಯಲ್ಲಿ ಹಿಡಿಯಬೇಡಿ. ಅದು ನೀರು ಶುದ್ಧಿಮಾಡುವ ಘಟಕವಿರುವ ಕಡೆಯೇ ನಡೆಯಲಿ.

ಪೀಸ್ ಕೆಲಸ ತರುವವರು ಮೊದಲು ಕೇಳಬೇಕಾದುದು: ಮಾಲು ಯಾವ ದೇಶಕ್ಕೆ, ಎಷ್ಟು ವರ್ಷದವರಿಗೆ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಹತ್ತು ಗುಂಡಿ ಕಡಿಮೆ ಬಿದ್ದರೆ ಸಂತೆಯಿಂದ ತಂದು ಸೇರಿಸಬೇಡಿ. ಬಣ್ಣ ಒಂದೇ ಕಂಡರೂ ಅವು ಪರೀಕ್ಷೆಯಾದ ಗುಂಡಿಗಳಲ್ಲ. ಆ ಹತ್ತರಿಂದ ಇಡೀ ಮಾಲೇ ತಿರುಗಿ ಬರಬಹುದು.

ಆ ತಾಯಿ ಹೊಲಿದ ಅಂಗಿಗಳು 5 ವರ್ಷದ ಮಕ್ಕಳ ಅಳತೆಯವು. ಲಾಡಿ ಬಿಚ್ಚಿ, ತೂತು ಮುಚ್ಚಿ ಮತ್ತೆ ಒಪ್ಪಿಸಿದ್ದಾರೆ. ಚೀಟಿ ಬರೆಸಿಕೊಂಡಿರಲಿಲ್ಲವಾದ್ದರಿಂದ ಎರಡನೆಯ ಸಲದ ಕೂಲಿಯನ್ನು ಯಾರು ಕೊಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.