‘ಕೆಂಪು ಕೆಂಪು ಗುಲಾಬಿ’: ಒಂದು ಅಗಲಿಕೆಯ ಹಾಡಿನ ಮೂಲ

ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ (1759–1796) ಕನ್ನಡ ಓದುಗರಿಗೆ ಅಪರಿಚಿತನಲ್ಲ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನದಲ್ಲಿ ಅವನ ಗೀತಗಳೂ ಕನ್ನಡದ ದನಿ ಪಡೆದಿವೆ. ಅವನ ಹೆಸರಿನಲ್ಲಿ ಜಗತ್ಪ್ರಸಿದ್ಧವಾದ ‘ಎ ರೆಡ್, ರೆಡ್ ರೋಸ್’ ಎಂಬ ಪ್ರೇಮಗೀತೆಯು ಕರ್ತೃತ್ವವನ್ನು ಕುರಿತು ಮಹತ್ತ್ವದ ಪ್ರಶ್ನೆಯೊಂದನ್ನು ಎತ್ತುತ್ತದೆ. ಈ ಹಾಡು ಕವಿಯದೋ, ಜನಪದದ್ದೋ?

ಹಾಡಿನ ಸ್ವರೂಪ

ನಾಲ್ಕು ಪದ್ಯ, ಹದಿನಾರು ಸಾಲುಗಳ ಪುಟ್ಟ ಹಾಡಿದು. ನಲ್ಲೆಯು ಜೂನ್ ತಿಂಗಳಿನಲ್ಲಿ ಆಗತಾನೆ ಅರಳಿದ ಗುಲಾಬಿಗೂ ಶ್ರುತಿಗೂಡಿದ ಇಂಪಾದ ರಾಗಕ್ಕೂ ಸಮನೆಂಬ ಹೋಲಿಕೆಯಿಂದ ಅದು ಮೊದಲಾಗುತ್ತದೆ. ಕಡಲುಗಳು ಬತ್ತುವವರೆಗೆ, ಬಂಡೆಗಳು ಬಿಸಿಲಿಗೆ ಕರಗುವವರೆಗೆ ಪ್ರೀತಿಸುವೆನೆಂಬ ಆಣೆ ಮುಂದೆ ಬರುತ್ತದೆ. ಕೊನೆಯ ಪದ್ಯದಲ್ಲಿ ಮಾತ್ರ ಪ್ರಿಯಕರನು ಬೀಳ್ಕೊಳ್ಳುತ್ತಾನೆ. ಹತ್ತು ಸಾವಿರ ಮೈಲಿ ದೂರವಾದರೂ ಮರಳಿ ಬರುವೆನೆನ್ನುತ್ತಾನೆ. ಅಲ್ಲಿಯವರೆಗೆ ಕೇವಲ ಹೊಗಳಿಕೆಯಾಗಿ ಕೇಳಿಸಿದ ಮಾತುಗಳೆಲ್ಲ ಅಗಲಿಕೆಯ ಗಳಿಗೆಯಲ್ಲಿ ಆಡಿದವೆಂಬುದು ಆಗ ತಿಳಿಯುತ್ತದೆ. ಅತಿಶಯೋಕ್ತಿಯ ಹಿಂದಿರುವ ಕಳವಳವೂ ಆಗಲೇ ಗೋಚರಿಸುತ್ತದೆ.

ಮುದ್ರಣದ ಇತಿಹಾಸ

ಹಾಡು ಮೊದಲು ಅಚ್ಚಾದದ್ದು 1794ರಲ್ಲಿ, ಎಡಿನ್‌ಬರೋದಲ್ಲಿ ನೆಲೆಸಿದ್ದ ಇಟಲಿಯ ಸಂಗೀತಗಾರ ಪಿಯೆತ್ರೊ ಉರ್ಬಾನಿಯ ಸಂಗ್ರಹದಲ್ಲಿ. ಹಳ್ಳಿಯ ಹುಡುಗಿಯೊಬ್ಬಳು ಹಾಡಿದ್ದನ್ನು ಕೇಳಿ ಪ್ರಸಿದ್ಧ ಕವಿಯೊಬ್ಬನು ಬರೆದುಕೊಂಡು ತನಗೆ ಕೊಟ್ಟನೆಂದು ಉರ್ಬಾನಿ ಅಲ್ಲಿ ತಿಳಿಸಿದ್ದಾನೆ. ಬರ್ನ್ಸ್ ಕೂಡ ಗೆಳೆಯ ಅಲೆಗ್ಸಾಂಡರ್ ಕನಿಂಗ್‌ಹ್ಯಾಮನಿಗೆ ಬರೆದ ಪತ್ರದಲ್ಲಿ ಇದನ್ನು ತಾನು ನಾಡಿನಲ್ಲಿ ಆರಿಸಿಕೊಂಡ ಸರಳವಾದ ಹಳೆಯ ಹಾಡೆಂದೇ ಕರೆದಿದ್ದಾನೆ. 1796ರಲ್ಲಿ ಜೇಮ್ಸ್ ಜಾನ್ಸನ್ನನ ‘ಸ್ಕಾಟ್ಸ್ ಮ್ಯೂಸಿಕಲ್ ಮ್ಯೂಸಿಯಂ’ ಸಂಪುಟದಲ್ಲಿ ಅದು ‘ಮೇಜರ್ ಗ್ರಹಾಂ’ ಎಂಬ ಮಟ್ಟಿನೊಡನೆ ಪ್ರಕಟವಾಯಿತು. ಇಂದು ಬಳಕೆಯಲ್ಲಿರುವ ‘ಲೋ ಡೌನ್ ಇನ್ ದ ಬ್ರೂಮ್’ ಎಂಬ ಮಟ್ಟು ಹಾಡಿಗೆ ಕೂಡಿಕೊಂಡದ್ದು 1821ರಲ್ಲಿ, ಕವಿ ತೀರಿಕೊಂಡು ಇಪ್ಪತ್ತೈದು ವರ್ಷಗಳಾದ ಮೇಲೆ. ಸಾಹಿತ್ಯಕ್ಕೂ ಮಟ್ಟಿಗೂ ಬೇರೆ ಬೇರೆ ಚರಿತ್ರೆಗಳಿವೆಯೆಂಬುದು ಇದರಿಂದ ಸ್ಪಷ್ಟ.

ಜನಪದದ ಪಾಲು, ಕವಿಯ ಪಾಲು

ಬತ್ತುವ ಕಡಲು, ಕರಗುವ ಬಂಡೆ, ಹತ್ತು ಸಾವಿರ ಮೈಲಿ, ಇವೆಲ್ಲ 18ನೆಯ ಶತಮಾನದಲ್ಲಿ ಬೀದಿಗಳಲ್ಲಿ ಮಾರುತ್ತಿದ್ದ ಅಗ್ಗದ ಹಾಡಿನ ಹೊತ್ತಗೆಗಳಲ್ಲಿ ಚದುರಿ ಸಿಗುವ ಸಿದ್ಧ ನುಡಿಗಟ್ಟುಗಳು. ಬಿಡಿಯಾಗಿದ್ದ ಈ ಸಾಮಗ್ರಿಯು ಬರ್ನ್ಸನ ಹಾಡಿನಲ್ಲಿ ಒಂದೇ ಭಾವದ ಏರಿಕೆಯಾಗಿ ಕೂಡಿಕೊಂಡಿದೆ. ಎರಡನೆಯ ಪದ್ಯದ ಕೊನೆಯ ಮಾತೇ ಮೂರನೆಯದರ ಮೊದಲ ಮಾತಾಗುವ ಜೋಡಣೆಯು ನಮ್ಮ ‘ಮುಕ್ತಪದಗ್ರಸ್ತ’ವನ್ನು ನೆನಪಿಸುತ್ತದೆ, ಆಣೆಯು ನಿಲ್ಲದೆ ಸಾಗುವುದು ಈ ಕೊಂಡಿಯಿಂದಲೇ.

ಹೊಸತನ್ನು ಹುಟ್ಟಿಸಿದವನೇ ಕವಿ ಎಂದು ಭಾವಿಸಿದರೆ ಬರ್ನ್ಸನ ಹಕ್ಕು ಇಲ್ಲಿ ಕುಗ್ಗುತ್ತದೆ. ಹಾಡಿದ ಹುಡುಗಿಯನ್ನು ಮರೆತರೆ ಪರಂಪರೆಗೆ ಅನ್ಯಾಯವಾಗುತ್ತದೆ. ಜನಪದ ಗೀತೆಗಳ ಸಂಪಾದನೆಯನ್ನು ಅಭ್ಯಾಸ ಮಾಡುವವರು ಸಂಗ್ರಾಹಕನ ಕೈಯನ್ನೂ ಹಾಡುಗಾರ್ತಿಯ ಕಂಠವನ್ನೂ ಒಟ್ಟಿಗೆ ಗುರುತಿಸಬೇಕು. ಕವಿಯ ಹೆಸರು ಉಳಿಯಿತು. ಆ ಹುಡುಗಿಯ ಹೆಸರನ್ನು ಉರ್ಬಾನಿಯ ಪುಸ್ತಕ ಹೇಳುವುದಿಲ್ಲ.

ಅಭ್ಯಾಸಕ್ಕೆ:
1. ಅಗಲಿಕೆಯ ಸಂಗತಿಯನ್ನು ಕೊನೆಯ ಪದ್ಯದವರೆಗೆ ತಡೆದಿರಿಸಿದ್ದರಿಂದ ಆಗುವ ಪರಿಣಾಮವನ್ನು ವಿವೇಚಿಸಿ.
2. ಜನಪದ ಗೀತೆಯನ್ನು ತಿದ್ದಿ ಪ್ರಕಟಿಸುವ ಸಂಗ್ರಾಹಕನನ್ನು ಕರ್ತೃವೆನ್ನಬಹುದೇ? ಚರ್ಚಿಸಿ.