ಸಹಿಗೆ ಮೊದಲು ‘ಅಂಡರ್ ಪ್ರೊಟೆಸ್ಟ್’



ಬೀಜ, ಗೊಬ್ಬರದ ವಿಷಯವನ್ನು ಈ ಸಲ ಬದಿಗಿಟ್ಟು ಒಂದು ಇಂಗ್ಲಿಷ್ ಮಾತಿನ ಪಾಠ ಹೇಳುತ್ತೇನೆ. ಭೂಸ್ವಾಧೀನ ಯಲಹಂಕ, ಹೆಬ್ಬಾಳದ ಸುತ್ತಿನವರಿಗೆ ಹೊಸದಲ್ಲ. ಅರ್ಕಾವತಿ ಬಡಾವಣೆಗೆ 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಾಗ ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ, ಸಂಪಿಗೆಹಳ್ಳಿ ಮೊದಲಾದ ಗ್ರಾಮಗಳ ಜಮೀನು ಅದರಲ್ಲಿ ಸೇರಿತ್ತು. ಪರಿಹಾರದ ಹಣಕ್ಕೆ ರಸೀತಿ ಬರೆದುಕೊಡುವಾಗ ಬೇಕಾಗುವ ಮಾತೇ ‘ಅಂಡರ್ ಪ್ರೊಟೆಸ್ಟ್’.

ಅರ್ಥವೇನು? ‘ಪ್ರೊಟೆಸ್ಟ್’ ಎಂದೊಡನೆ ಧರಣಿ, ಘೋಷಣೆ ನೆನಪಾಗುತ್ತವೆ. ಇಲ್ಲಿ ಹಾಗಲ್ಲ. ‘ಹಣ ಪಡೆದಿದ್ದೇನೆ, ಆದರೆ ದರವನ್ನು ಒಪ್ಪಿಲ್ಲ’ ಎಂದಷ್ಟೇ ಅರ್ಥ. ಬರೆದರೆ ಅಧಿಕಾರಿಗಳು ಮುನಿಯುವರೆಂದು ಅಂಜಬೇಡಿ. ಇದು ಕಾನೂನೇ ಕೊಟ್ಟ ಮಾತು.

ಏಕೆ ಬೇಕು? 1894ರ ಭೂಸ್ವಾಧೀನ ಕಾಯ್ದೆಯ 31ನೆಯ ಕಲಮಿನಲ್ಲಿ ಇದು ಇತ್ತು. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಕಾಯ್ದೆಯ 77ನೆಯ ಕಲಮಿನಲ್ಲೂ ಇದೆ. ಆಕ್ಷೇಪಣೆ ಇಲ್ಲದೆ ಹಣ ಪಡೆದವರು ಹೆಚ್ಚಿನ ಪರಿಹಾರದ ವಿಚಾರಣೆ ಕೇಳಿ ಅರ್ಜಿ ಹಾಕುವಂತಿಲ್ಲ. ‘ಬಾಯಲ್ಲಿ ಹೇಳಿದ್ದೆ ಸ್ವಾಮಿ’ ಎಂದು ಆಮೇಲೆ ಹೇಳಿ ಫಲವಿಲ್ಲ.

ಹೇಗೆ ಬರೆಯಬೇಕು? ರಸೀತಿಯಲ್ಲಿ ಸಹಿಯ ಮೇಲ್ಗಡೆ ಹೀಗೆ ಬರೆಯಿರಿ:

“ಪರಿಹಾರದ ಮೊತ್ತ ಕಡಿಮೆಯೆಂಬ ನನ್ನ ಆಕ್ಷೇಪಣೆಯನ್ನು ಉಳಿಸಿಕೊಂಡು ಈ ಹಣವನ್ನು ಅಂಡರ್ ಪ್ರೊಟೆಸ್ಟ್ ಪಡೆದಿರುತ್ತೇನೆ.”

ಹಣ ನೇರವಾಗಿ ಬ್ಯಾಂಕಿಗೆ ಜಮೆಯಾಗುವುದಾದರೆ ಇದನ್ನೇ ಪತ್ರವಾಗಿ ಮುಂಚೆಯೇ ಕೊಟ್ಟು, ನಕಲಿನ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿರಿ.

ಆಗುವ ತಪ್ಪುಗಳು: ಈ ಮಾತು ಬರೆದು, ಅದೇ ಕಾಗದದಲ್ಲಿ ‘ಪೂರ್ಣ ಒಪ್ಪಿಗೆಯಿಂದ ಪಡೆದಿದ್ದೇನೆ’ ಎಂದೂ ಸೇರಿಸುವುದು ಒಂದು. ಎರಡೂ ಒಂದೆಡೆ ನಿಲ್ಲವು. ದರ ಗೊತ್ತುಮಾಡಿಕೊಂಡು ಒಪ್ಪಂದಪತ್ರಕ್ಕೆ ಸಹಿ ಹಾಕಿದ ಮೇಲೆ ಈ ಮಾತನ್ನು ನೆಚ್ಚುವುದು ಇನ್ನೊಂದು. ಆಗ ಅದರಿಂದ ಪ್ರಯೋಜನವಿಲ್ಲ.

ಬರೆದಲ್ಲಿಗೆ ಕೆಲಸ ಮುಗಿಯಲಿಲ್ಲ. ಬೇರೆ ಅರ್ಜಿಯನ್ನೂ ಕೊಡಬೇಕು. ಅದರಲ್ಲಿ ಆಕ್ಷೇಪಣೆ ಅಳತೆಯದೋ, ಮೊತ್ತದ್ದೋ, ಪಾಲಿನದೋ ಎಂದು ಬಿಡಿಸಿ ಹೇಳಿರಿ. 2013ರ ಕಾಯ್ದೆಯಂತೆ, ಐತೀರ್ಪು ಹೇಳುವಾಗ ನೀವು ಹಾಜರಿದ್ದರೆ ಅಂದಿನಿಂದ 6 ವಾರ ಗಡುವು. ಇಲ್ಲದಿದ್ದರೆ ನೋಟೀಸು ತಲಪಿದ 6 ವಾರ ಅಥವಾ ಐತೀರ್ಪಿನಿಂದ 6 ತಿಂಗಳು, ಇವುಗಳಲ್ಲಿ ಮೊದಲು ಮುಗಿಯುವುದೇ ಗಡುವು. ಬೇರೆ ಕಾಯ್ದೆಯಡಿ ಸ್ವಾಧೀನವಾಗಿದ್ದರೆ ಗಡುವೂ ಬೇರೆಯಾಗಬಹುದು. ನೋಟೀಸಿನಲ್ಲಿ ಕಾಯ್ದೆಯ ಹೆಸರು ನೋಡಿಕೊಳ್ಳಿರಿ.

ನಾನು ಬೇಸಾಯ ಓದಿದವನು, ವಕೀಲನಲ್ಲ. ಸಂಶಯವಿದ್ದರೆ ಸಹಿಗೆ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿರಿ. ಓದು ಬಾರದ ನೆರೆಯವರಿಗೆ ಈ ಪಾಠವನ್ನು ಓದಿ ಹೇಳಿರಿ.