ಹಿತ್ತಲಿನ ಹಸಿರುಮನೆ: ದೊಡ್ಡದನ್ನು ಕಟ್ಟುವ ಮುನ್ನ

ತೋಟಕ್ಕೆ ಬೇಕಾದ ಗಿಡಗಳನ್ನು ಹಿತ್ತಲಿನಲ್ಲಿಯೇ ಎಬ್ಬಿಸಿಕೊಳ್ಳುವ ಉತ್ಸಾಹ ನಮ್ಮ ಸದಸ್ಯರಲ್ಲಿ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಇದಕ್ಕೆ ಕಾರಣವೂ ಇದೆ. ಹೊಸನಗರ, ತೀರ್ಥಹಳ್ಳಿ ಭಾಗದ ಅಡಿಕೆ ತೋಟಗಳನ್ನು ಎಲೆಚುಕ್ಕೆ ರೋಗ ಕಾಡತೊಡಗಿದ ಮೇಲೆ ಹೊರಗಿನ ಸಸಿಗಳೊಡನೆ ರೋಗವನ್ನೂ ಹೊತ್ತು ತಂದೇವೆಂಬ ಭಯ ಎಲ್ಲರಲ್ಲಿಯೂ ಇದೆ. ಕಾಳುಮೆಣಸಿನ ಕೊಳೆ ರೋಗದ ವಿಷಯವೂ ಹಾಗೆಯೇ. ಹೀಗಾಗಿ ಹತ್ತಡಿ ಚಪ್ಪರದಲ್ಲಿ ನೂರಿನ್ನೂರು ಕೊಟ್ಟೆ ಗಿಡ ಮಾಡಿ ಕೈ ಕುದುರಿದವರು, "ಇದು ಸಾಲದು, ದೊಡ್ಡದೊಂದು ಪಾಲಿಹೌಸ್ ಹಾಕಿಬಿಡೋಣವೇ?" ಎಂದು ಸಂಘದ ಕಚೇರಿಗೆ ಬಂದು ಕೇಳುತ್ತಿದ್ದಾರೆ. ಸಣ್ಣ ಹಿಡುವಳಿದಾರರಿಗೆ ಇದು ಸಣ್ಣ ಖರ್ಚಲ್ಲ. ಆದ್ದರಿಂದ ಕಂಬ ನೆಡುವ ಮುನ್ನ ಯೋಚಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವರಿಸುತ್ತೇವೆ.

1. ನಮಗೆ ಬೇಕಾದದ್ದು ಕಂಬಳಿಯಲ್ಲ, ಗೊರಬು

ಹಸಿರುಮನೆ ಎಂಬ ಕಲ್ಪನೆ ಬೆಳೆದದ್ದು ಚಳಿ ದೇಶಗಳಲ್ಲಿ. ಹಿಮ ಬೀಳುವ ನಾಡಿನಲ್ಲಿ ಗಿಡವನ್ನು ಬೆಚ್ಚಗಿಡುವುದೇ ಅದರ ಉದ್ದೇಶ. ಗಾಜು ಅಥವಾ ಪಾರದರ್ಶಕ ಹಾಳೆ ಬಿಸಿಲನ್ನು ಒಳಗೆ ಬಿಡುತ್ತದೆ, ಕಾದ ಗಾಳಿಯನ್ನು ಹೊರಹೋಗದಂತೆ ತಡೆಯುತ್ತದೆ. ಆದ್ದರಿಂದ ಅಲ್ಲಿಯ ಹಸಿರುಮನೆಗೆ ನಾಲ್ಕೂ ಕಡೆ ಗೋಡೆ ಅಗತ್ಯ.

ನಮ್ಮಲ್ಲಿ ಗಿಡಕ್ಕೆ ಚಳಿಯ ಕಾಟವಿಲ್ಲ. ಇರುವುದು ಮಳೆಯ ಕಾಟ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಹೊಸನಗರದ ಹುಲಿಕಲ್ ಕಡೆಯ ಮಳೆಯೂ ಅದಕ್ಕೆ ಸರಿಸಾಟಿ. ಸಾಗರದಲ್ಲಿ ಶರಾವತಿ ಕಣಿವೆಯಿಂದ ಪೂರ್ವಕ್ಕೆ ಆನಂದಪುರದತ್ತ ಬಂದಂತೆ ಮಳೆ ಬಹಳವಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ನಾಲ್ಕೂ ಕಡೆ ಮುಚ್ಚಿದ ಮನೆಯೊಳಗೆ ತೇವ ನಿಂತು ಎಲೆ ಕೊಳೆಯುತ್ತದೆ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಅದೇ ಮನೆ ಕಾದ ಒಲೆಯಂತಾಗಿ ಎಳೆಯ ಬಳ್ಳಿ ಬಾಡುತ್ತದೆ. ಆದುದರಿಂದ ನಮಗೆ ಬೇಕಾದದ್ದು ಮೇಲಿನಿಂದ ಮಳೆ ತಡೆದು, ಬದಿಗಳಿಂದ ಗಾಳಿ ಬಿಡುವ ಮಾಡು. ಗದ್ದೆಯಲ್ಲಿ ನೆಟ್ಟಿ ಮಾಡುವವರು ಹೊತ್ತುಕೊಳ್ಳುವ ಗೊರಬಿನ ಕೆಲಸವೇ ಇದರದು. ಆಯ್ಕೆಯ ಮುಂದಿನ ಮಾತುಗಳೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತವೆ.

2. ಮೂರು ಬಗೆಯ ಮನೆಗಳು

(ಅ) ಬರೀ ನೆರಳುಬಲೆಯ ಮನೆ: ಬಿಸಿಲನ್ನು ಅರ್ಧಕ್ಕೆ ಇಳಿಸುವ ಶೇಕಡಾ 50ರ ಬಲೆ ಅಡಿಕೆ ಸಸಿಗಳಿಗೆ ಸಾಕು. ಖರ್ಚು ಕಡಿಮೆ. ಆದರೆ ಮಳೆ ನೇರವಾಗಿ ಒಳಗಿಳಿಯುತ್ತದೆ. ಬಲೆಯ ಮೂಲಕ ಬಿದ್ದ ಹನಿ ನೆಲದ ಮಣ್ಣನ್ನು ಎಲೆಗೆ ಸಿಡಿಸುತ್ತದೆ.

(ಆ) ಪ್ಲಾಸ್ಟಿಕ್ ಮಾಡು, ತೆರೆದ ಬದಿಗಳ ಮನೆ: ಮೆಣಸಿನ ಬಳ್ಳಿ, ಕಾಫಿ ಗಿಡ, ಮಳೆಗಾಲದ ತರಕಾರಿ, ಹೂವಿನ ಗಿಡ ಎಲ್ಲಕ್ಕೂ ಒಗ್ಗುತ್ತದೆ. ನಮ್ಮ ಬಹುಪಾಲು ಸದಸ್ಯರಿಗೆ ಇದೇ ಸೂಕ್ತವೆಂಬುದು ನಮ್ಮ ಅಭಿಪ್ರಾಯ.

(ಇ) ಪೂರ್ಣ ಮುಚ್ಚಿದ ಪಾಲಿಹೌಸ್: ಗಾಳಿ, ತೇವ, ಉಷ್ಣತೆಗಳನ್ನು ದಿನವೂ ನೋಡಿಕೊಳ್ಳುವ ಆಳು, ವಿದ್ಯುತ್ತು, ಮಾರುಕಟ್ಟೆಗೆ ಹೋಗುವ ಬೆಳೆ ಇದ್ದವರಿಗೆ ಮಾತ್ರ. ಹಿತ್ತಲಿನ ಹವ್ಯಾಸಕ್ಕೂ ಮನೆಯ ತೋಟದ ಗಿಡಕ್ಕೂ ಇದರ ಅಗತ್ಯವಿಲ್ಲ.

3. ಎಷ್ಟು ದೊಡ್ಡದು?

ಜಾಗ ಎಷ್ಟಿದೆ ಎಂಬುದರಿಂದ ಅಳತೆ ನಿರ್ಧರಿಸಬಾರದು. ಗಿಡ ಎಷ್ಟು ಬೇಕು ಎಂಬುದರಿಂದ ನಿರ್ಧರಿಸಬೇಕು. ಒಂದು ಉದಾಹರಣೆಯನ್ನು ನೋಡೋಣ.

ಒಂಬತ್ತಡಿ ಅಂತರದಲ್ಲಿ ನೆಟ್ಟ ಒಂದು ಎಕರೆ ತೋಟದಲ್ಲಿ ಸುಮಾರು 540 ಅಡಿಕೆ ಮರಗಳಿರುತ್ತವೆ. ಮರಕ್ಕೆ ಎರಡು ಬಳ್ಳಿಯಂತೆ ಇಡೀ ತೋಟಕ್ಕೆ ಮೆಣಸು ಹಬ್ಬಿಸಲು 1,080 ಗಿಡ ಬೇಕು. ಕೊಟ್ಟೆಗೆ ಹಾಕಿದ ನಾಲ್ಕರಲ್ಲಿ ಮೂರು ಉಳಿಯುತ್ತವೆಂದು ಹಿಡಿದರೆ 1,440 ಕೊಟ್ಟೆ ತುಂಬಿಸಬೇಕು.

ಈಗ 12 ಅಡಿ ಅಗಲ, 24 ಅಡಿ ಉದ್ದದ ಮನೆಯನ್ನು ತೆಗೆದುಕೊಳ್ಳಿ. ನಡುವೆ ಎರಡೂವರೆ ಅಡಿ ಓಡಾಟದ ದಾರಿ, ಎರಡು ಬದಿಯಲ್ಲಿ ಸಿಡಿತಕ್ಕಾಗಿ ಒಂದೊಂದು ಅಡಿ ಬಿಟ್ಟರೆ ಮೂರೂಮುಕ್ಕಾಲು ಅಡಿಯ ಎರಡು ಪಾತಿಗಳು ಉಳಿಯುತ್ತವೆ. ಒಟ್ಟು 180 ಚದರ ಅಡಿ. ಐದು ಅಂಗುಲ ಅಗಲದ ಕೊಟ್ಟೆಗಳನ್ನು ಗಾಳಿಯಾಡುವಂತೆ ಚದರ ಅಡಿಗೆ ಒಂಬತ್ತರಂತೆ ಇಟ್ಟರೆ 1,620 ಹಿಡಿಸುತ್ತವೆ. ಅಂದರೆ ಒಂದು ಎಕರೆಗೆ ಹೊಸದಾಗಿ ಮೆಣಸು ಹಬ್ಬಿಸುವವರಿಗೂ ಈ ಅಳತೆ ಸಾಕು.

ಇಲ್ಲಿಯೇ ಒಂದು ಎಚ್ಚರಿಕೆ ಬೇಕು. ಹೊಸದಾಗಿ ಹಬ್ಬಿಸುವುದು ಒಂದು ವರ್ಷದ ಕೆಲಸ. ಮುಂದಿನ ವರ್ಷಗಳಲ್ಲಿ ಸತ್ತ ಬಳ್ಳಿಯ ಜಾಗಕ್ಕೆ ನೂರು ನೂರೈವತ್ತು ಗಿಡ ಬೇಕಾದೀತು, ಅಷ್ಟೆ. ಒಂದು ವರ್ಷದ ಅಗತ್ಯವನ್ನು ನೋಡಿ ಹತ್ತು ವರ್ಷದ ಮನೆ ಕಟ್ಟಬಾರದು. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಕೂಡಿ ಒಂದೇ ಮನೆ ಹಾಕಿಕೊಂಡು ಸರದಿಯಂತೆ ಬಳಸಿದರೆ ಅದು ಎಂದೂ ಖಾಲಿ ಇರುವುದಿಲ್ಲ. ಮುಯ್ಯಾಳಿನ ಪದ್ಧತಿ ತಿಳಿದಿರುವ ನಮ್ಮವರಿಗೆ ಇದು ಹೊಸದೇನೂ ಅಲ್ಲ.

4. ಖರ್ಚಿನ ಲೆಕ್ಕ

ಚೌಕಟ್ಟಿನ ಬಾಳಿಕೆ ಬೇರೆ, ಹಾಳೆಯ ಬಾಳಿಕೆ ಬೇರೆ. ಎರಡನ್ನೂ ಒಟ್ಟು ಸೇರಿಸಿ ಲೆಕ್ಕ ಮಾಡಬಾರದು. ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. ಚೌಕಟ್ಟಿಗೆ 36,000 ರೂಪಾಯಿ, ಬಾಳಿಕೆ 12 ವರ್ಷ: ವರ್ಷಕ್ಕೆ 3,000. ಹಾಳೆ, ಬಲೆಗಳಿಗೆ 8,000, ಬಾಳಿಕೆ 4 ವರ್ಷ: ವರ್ಷಕ್ಕೆ 2,000. ದುರಸ್ತಿಗೆ 1,000. ಒಟ್ಟು ವರ್ಷಕ್ಕೆ 6,000 ರೂಪಾಯಿ. 1,200 ಗಿಡ ತೆಗೆದರೆ ಗಿಡವೊಂದಕ್ಕೆ ಮನೆಯ ಬಾಬ್ತು 5 ರೂಪಾಯಿ ಬೀಳುತ್ತದೆ. 600 ಮಾತ್ರ ತೆಗೆದರೆ 10 ರೂಪಾಯಿ, 150 ತೆಗೆದರೆ 40 ರೂಪಾಯಿ. ಕೊಟ್ಟೆ, ಮಣ್ಣು, ಕೂಲಿ ಬೇರೆಯೇ. ದೊಡ್ಡ ಮನೆ ಅಗ್ಗವಾಗುವುದು ಅದು ತುಂಬಿದಾಗ ಮಾತ್ರ. ಸದಸ್ಯರು ತಮ್ಮ ಊರಿನ ಇಂದಿನ ದರಗಳನ್ನು ಹಾಕಿಕೊಂಡು ಇದೇ ಕ್ರಮದಲ್ಲಿ ಲೆಕ್ಕ ಮಾಡಿ ನೋಡತಕ್ಕದ್ದು.

5. ಮಾಡು ಮತ್ತು ನೀರು

ಮೇಲೆ ಹೇಳಿದ ಮನೆಗೆ ಸೂರಿನ ಹೊರಚಾಚು ಸೇರಿದರೆ ಮಾಡಿನ ಕೆಳಗಿನ ವಿಸ್ತಾರ ಸುಮಾರು 35 ಚದರ ಮೀಟರ್ ಆಗುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ದಿನಕ್ಕೆ 100 ಮಿ.ಮೀ. ಮಳೆ ನಮಗೆ ಅಪರೂಪವಲ್ಲ. ಅಂಥ ದಿನ ಈ ಮಾಡಿನಿಂದ 3,500 ಲೀಟರ್ ನೀರು ಇಳಿಯುತ್ತದೆ. ಅದು ಎಲ್ಲಿಗೆ ಹೋಗಬೇಕೆಂಬುದನ್ನು ಕಂಬ ನೆಡುವ ಮೊದಲೇ ನಿಶ್ಚಯಿಸಬೇಕು. ಎರಡೂ ಸೂರಿನ ಕೆಳಗೆ ಬಸಿಗಾಲುವೆ ಇರಲಿ. ಇಳಿಜಾರು ಜಾಗವಾದರೆ ಮೇಲ್ಭಾಗದಲ್ಲಿ ಇನ್ನೊಂದು ಕಾಲುವೆ ತೆಗೆದು ಗುಡ್ಡದ ನೀರನ್ನು ತಿರುಗಿಸಬೇಕು. ಮನೆಯ ನೆಲ ಸುತ್ತಲಿನ ನೆಲಕ್ಕಿಂತ ಅರ್ಧ ಅಡಿಯಾದರೂ ಎತ್ತರವಿದ್ದು, ಅದರ ಮೇಲೆ ಮೂರು ಅಂಗುಲ ಜಲ್ಲಿ ಹರಡಿದರೆ ಕೆಸರಿನ ಸಿಡಿತ ತಪ್ಪುತ್ತದೆ.

ಮಾಡಿನ ನೆತ್ತಿ ಒಂಬತ್ತೂವರೆ ಅಡಿ, ಸೂರು ಏಳು ಅಡಿ ಇರಲಿ. ಇಳಿಜಾರು ಇದಕ್ಕಿಂತ ಕಡಿಮೆಯಾದರೆ ಹಾಳೆ ಜೋತು ಹೊಟ್ಟೆ ಬೀಳುತ್ತದೆ. ಮೂರಡಿ ಅಗಲ, ನಾಲ್ಕಂಗುಲ ಆಳದ ಒಂದು ಹೊಟ್ಟೆಯಲ್ಲಿ ನಲವತ್ತು ಕಿಲೋ ನೀರು ನಿಂತೀತು. ಹಾಳೆ ಹರಿಯುವುದು, ಪಕಾಸು ಮುರಿಯುವುದು ಹೆಚ್ಚಾಗಿ ಗಾಳಿಗಿಂತ ಈ ನೀರಿನಿಂದಲೇ. ಆದ್ದರಿಂದ ಪಕಾಸುಗಳ ನಡುವಿನ ಅಂತರ ಮೂರಡಿ ಮೀರದಿರಲಿ, ಅಡ್ಡಕ್ಕೆ ರೀಪು ಹತ್ತಿರ ಹತ್ತಿರ ಇರಲಿ.

ಮುಂಗಾರಿನ ಗಾಳಿ ಪಶ್ಚಿಮ ನೈಋತ್ಯದಿಂದ ಬೀಸುವುದರಿಂದ ಮನೆಯ ಉದ್ದವನ್ನು ಪೂರ್ವ ಪಶ್ಚಿಮವಾಗಿ ಇಟ್ಟುಕೊಂಡರೆ ಅಗಲ ಕಡಿಮೆಯಿರುವ ಬದಿ ಗಾಳಿಗೆ ಎದುರಾಗುತ್ತದೆ. ಪಶ್ಚಿಮದ ಬದಿಗೆ ಬಲೆ ಕಟ್ಟಿದರೆ ಇರಚಲು ತಡೆಯುತ್ತದೆ. ದಕ್ಷಿಣದ ಸೂರನ್ನು ಒಂದೂವರೆ ಅಡಿಯಾದರೂ ಹೊರಚಾಚಬೇಕು.

6. ಕಂಬ, ಹಾಳೆ, ಬಲೆ

ಮಣ್ಣಿನಲ್ಲಿ ಹೂತ ಅಡಿಕೆ ಮರದ ಕಂಬ ಒಂದೆರಡು ಮಳೆಗಾಲಕ್ಕೆ ಬುಡ ಕೊಳೆಯುತ್ತದೆ. ಕಂಬಕ್ಕೆ ಕಲ್ಲು, ಸಿಮೆಂಟು ಅಥವಾ ಸತು ಲೇಪದ ಕಬ್ಬಿಣದ ಪೈಪು ಇಟ್ಟು, ಮೇಲಿನ ರೀಪಿಗೆ ಅಡಿಕೆ ದಬ್ಬೆ ಬಳಸಿದರೆ ಖರ್ಚು ಹಿಡಿತದಲ್ಲಿರುತ್ತದೆ. ದಬ್ಬೆಯ ಅಂಚನ್ನು ಚೆನ್ನಾಗಿ ಹೆರೆದು, ಹಾಳೆ ತಾಗುವ ಕಡೆ ಹಳೆಯ ಗೋಣಿ ಸುತ್ತಬೇಕು. ಬಿಸಿಲಿಗೆ ಕಾದ ಪೈಪು ತಾಗಿದ ಜಾಗದಲ್ಲಿ ಹಾಳೆ ಬೇಗ ಹಳತಾಗುತ್ತದೆ. ಪೈಪಿಗೆ ಬಿಳಿ ಬಣ್ಣ ಹಚ್ಚಿದರೆ ಒಳಿತು.

ಹಾಳೆ 200 ಮೈಕ್ರಾನ್ ದಪ್ಪದ್ದು, ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಜಾತಿಯದು ಆಗಿರಬೇಕು. ಸಾಮಾನ್ಯ ಪ್ಲಾಸ್ಟಿಕ್ ಹಾಳೆ ಒಂದು ಬೇಸಿಗೆಯಲ್ಲಿಯೇ ಪುಡಿಯಾಗತೊಡಗುತ್ತದೆ. ದಪ್ಪ ಕಣ್ಣಳತೆಗೆ ತಿಳಿಯುವುದಿಲ್ಲ, ತೂಕದಿಂದ ತಿಳಿಯುತ್ತದೆ. 200 ಮೈಕ್ರಾನಿನ ಹಾಳೆ ಚದರ ಮೀಟರಿಗೆ ಸುಮಾರು 184 ಗ್ರಾಂ ತೂಗುತ್ತದೆ. ನಮ್ಮ ಮನೆಗೆ ಬೇಕಾದ 16 ಅಡಿ ಅಗಲ, 28 ಅಡಿ ಉದ್ದದ ಹಾಳೆ ಏಳೂವರೆ ಕಿಲೋಗಿಂತ ಕೊಂಚ ಹೆಚ್ಚು ತೂಗಬೇಕು. ಐದು ಕಿಲೋ ತೂಗಿದರೆ ಅದು ತೆಳು ಹಾಳೆಯೆಂದು ಅಂಗಡಿಯಲ್ಲಿಯೇ ಹೇಳಿ ಹಿಂದಿರುಗಿಸಬಹುದು.

ಫೆಬ್ರುವರಿಯಿಂದ ಮೇ ತನಕ ಹಾಳೆಯ ಮೇಲೆ ಶೇಕಡಾ 50ರ ಬಲೆ ಇರಬೇಕು. ಮಳೆ ಹಿಡಿದ ಕೂಡಲೇ ಅದನ್ನು ತೆಗೆದಿಡತಕ್ಕದ್ದು. ಆಷಾಢದ ಮೋಡವೇ ಸಾಕಷ್ಟು ನೆರಳು ಕೊಡುತ್ತದೆ. ಬಲೆಯೂ ಇದ್ದರೆ ಗಿಡ ಬೆಳಕಿಲ್ಲದೆ ಸಣಕಲಾಗಿ ಎದ್ದು ಬೀಳುತ್ತದೆ. ಮಳೆಗಾಲ ಕಳೆದ ಮೇಲೆ ಹಾಳೆಯ ಪಾಚಿ ತೊಳೆಯಬೇಕು.

ಮರದ ಕೊಂಬೆಗೆ ಹತ್ತಿರ ಮನೆ ಕಟ್ಟಿದರೆ ಮಂಗಗಳು ಮಾಡಿನ ಮೇಲೆ ಹಾರುವುದು ಖಂಡಿತ. ಅಡಿಕೆ ಸೋಗೆ, ತೆಂಗಿನಕಾಯಿ ಬೀಳುವ ಜಾಗವೂ ಬೇಡ.

7. ವರ್ಷವಿಡೀ ಬಳಕೆ

ಮನೆ ಖಾಲಿ ಇರದಂತೆ ವರ್ಷದ ಕೆಲಸವನ್ನು ಹೀಗೆ ಹೊಂದಿಸಬಹುದು.

ಡಿಸೆಂಬರ್ ಜನವರಿಯಲ್ಲಿ ಹೊರಗಿನ ಪಾತಿಯಲ್ಲಿ ಬಿತ್ತಿದ ಕಾಫಿ ಬೀಜದ ಮೊಳಕೆಗಳನ್ನು ಫೆಬ್ರುವರಿ ಮಾರ್ಚಿಯಲ್ಲಿ ಕೊಟ್ಟೆಗೆ ದಾಟಿಸಿ ಒಳಗಿಡುವುದು. ಅದೇ ಹೊತ್ತಿಗೆ ರೋಗವಿಲ್ಲದ ತಾಯಿಬಳ್ಳಿಯ ಬುಡದಲ್ಲಿ ಹರಿಯುವ ಹಬ್ಬುಬಳ್ಳಿಯಿಂದ ಎರಡು ಮೂರು ಗಿಣ್ಣಿನ ತುಂಡು ಮಾಡಿ ನೆಡುವುದು. ಎರಡೂ ಜೂನ್ ಜುಲೈ ಹೊತ್ತಿಗೆ ತೋಟಕ್ಕೆ ಹೋಗುತ್ತವೆ. ಆಮೇಲೆ ಸೆಪ್ಟೆಂಬರ್ ತನಕ ಕೊತ್ತಂಬರಿ, ಹರಿವೆ, ಹಸಿಮೆಣಸು, ಡೇಲಿಯಾ ಮೊದಲಾದವುಗಳಿಗೆ ಜಾಗ. ಅಕ್ಟೋಬರಿನಿಂದ ಜನವರಿ ತನಕ ಅಟ್ಟ ಹಾಕಿ ಬೇಯಿಸಿದ ಅಡಿಕೆ ಒಣಗಿಸಲು. ಕೊಯ್ಲಿನ ಕಾಲಕ್ಕೆ ಅಕಾಲ ಮಳೆ ಬಂದು ಅಂಗಳದ ಅಡಿಕೆ ಬೂಸ್ಟು ಹಿಡಿಯುವ ಕಷ್ಟವನ್ನು ಬಲ್ಲವರಿಗೆ ಈ ಒಂದು ಉಪಯೋಗವೇ ದೊಡ್ಡದು. ಒಣಗಿಸುವಾಗಲೂ ಗಾಳಿ ಬೇಕು. ಹಬೆ ಹೊರಹೋಗದಿದ್ದರೆ ಅಡಿಕೆ ಬೆವರುತ್ತದೆ. ಗಿಡಗಳಿಗೆ ನೀರು ಹಾಕುವುದೂ ಅಡಿಕೆ ಒಣಗಿಸುವುದೂ ಒಟ್ಟಿಗೆ ನಡೆಯಲಾರವು.

ಹನ್ನೆರಡು ಹದಿನೆಂಟು ತಿಂಗಳು ಕೊಟ್ಟೆಯಲ್ಲಿರುವ ಅಡಿಕೆ ಸಸಿಗಳನ್ನು ಈ ಮನೆಯೊಳಗೆ ತಂದರೆ ವರ್ಷದ ಸರದಿ ಕೆಡುತ್ತದೆ. ಅವುಗಳಿಗೆ ಬದಿಯಲ್ಲಿ ಬರೀ ಬಲೆಯ ಚಪ್ಪರ ಸಾಕು.

8. ರೋಗದ ಬಾಗಿಲು ಮುಚ್ಚುವುದು

ಮನೆ ಎಷ್ಟೇ ಚೆನ್ನಾಗಿದ್ದರೂ ರೋಗದ ಮಣ್ಣು ತಂದರೆ ಸಾವಿರ ಗಿಡಕ್ಕೂ ಒಟ್ಟಿಗೆ ರೋಗ ತಗಲುತ್ತದೆ. ದೊಡ್ಡ ಮನೆಯ ದೊಡ್ಡ ಅಪಾಯ ಇದೇ. ಕೊಟ್ಟೆಗೆ ಹಾಕುವ ಮಣ್ಣಿನ ಮಿಶ್ರಣವನ್ನು ಮುಂಚಿತವಾಗಿ ನೀರು ಚಿಮುಕಿಸಿ, ಪಾರದರ್ಶಕ ಹಾಳೆ ಹೊದಿಸಿ, ಬಿಸಿಲಿನಲ್ಲಿ ನಾಲ್ಕಾರು ವಾರ ಕಾಯಿಸಬೇಕು. ಅದು ಆರಿದ ಮೇಲೆ ಟ್ರೈಕೋಡರ್ಮಾ ಬೆರೆಸಬಹುದು. ಕೊಳೆತ ಗಿಡ ಕಂಡರೆ ಕೊಟ್ಟೆ ಸಹಿತ ತೆಗೆದು ದೂರ ಹೂಳಬೇಕು. ಮಳೆ ಹಿಡಿಯುವ ಮುನ್ನ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಸಿಂಪಡಿಸಬೇಕು. ತೋಟದಲ್ಲಿ ಓಡಾಡಿದ ಮೆಟ್ಟಿನಲ್ಲಿ ಒಳಗೆ ಬರಬಾರದು.

ಕೊನೆಯದಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಹಿತ್ತಲಿನ ಯಜಮಾನಿಕೆ ಹೆಣ್ಣುಮಕ್ಕಳದು. ಬೇಸಿಗೆಯಲ್ಲಿ 1,600 ಕೊಟ್ಟೆಗೆ ದಿನಕ್ಕೆ ನೂರು ಲೀಟರಿಗೆ ಕಡಿಮೆಯಿಲ್ಲದೆ ನೀರು ಹಾಕಬೇಕಾಗುತ್ತದೆ. ಆ ಕೆಲಸ ಯಾರ ಪಾಲಿಗೆ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಜಾಗ, ಅಳತೆ, ನೀರಿನ ನಲ್ಲಿ ಎಲ್ಲಿರಬೇಕೆಂಬುದನ್ನು ಅವರನ್ನು ಕೇಳಿಯೇ ನಿರ್ಧರಿಸುವುದು ನ್ಯಾಯವೂ ಹೌದು, ಬುದ್ಧಿವಂತಿಕೆಯೂ ಹೌದು.

ತೋಟಗಾರಿಕೆ ಇಲಾಖೆಯ ಸಹಾಯಧನ ಬಯಸುವವರು ಸಾಮಾನು ಕೊಳ್ಳುವ ಮೊದಲೇ ತಾಲ್ಲೂಕು ಕಚೇರಿಯಲ್ಲಿ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು. ಅಳತೆಯ ಬಗ್ಗೆ ಸಂದೇಹವಿದ್ದವರು ಎಕರೆ, ಮರಗಳ ಸಂಖ್ಯೆ, ವರ್ಷಕ್ಕೆ ಬೇಕಾಗುವ ಗಿಡ, ಹಿತ್ತಲಿನ ಉದ್ದಗಲ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಂದರೆ ಜೊತೆಗೆ ಕುಳಿತು ಲೆಕ್ಕ ಹಾಕೋಣ. ಕಟ್ಟುವವರು ಮಾಗಿ ಮುಗಿಯುವುದರೊಳಗೆ ಕಟ್ಟಲಿ. ಮೊದಲ ಮಳೆ ಬೀಳುವ ಹೊತ್ತಿಗೆ ಕಾಲುವೆ ತೆಗೆದು ಮುಗಿದಿರಲಿ.